ಬೆಳಕು ಹಿಡಿದವರಿಗೆ

ಜುಲೈ ೧೬, ಬುಧವಾರ. ನಂಜನಗೂಡು.

ಬೆಳಿಗ್ಗೆ ಪೇಪರ್ ನೋಡಿದಾಗಿನಿಂದ ಮನಸ್ಸು ಅದರಲ್ಲೇ ಇದೆ. ಸಿನಿಮಾ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ನಮ್ಮ ಕ್ಯಾಮೆರಾಮನ್ ವಿಠಲರಾಯರಿಗೆ ಬಂದಿದೆ. ಹೋದ ವರ್ಷದ ಹಿಂದಿನ ಡಿಸೆಂಬರಿನಲ್ಲಿ ಅವರು ತಿ. ನರಸೀಪುರದ ಹೊಳೆಯಲ್ಲಿ ಆ ಸಿನಿಮಾದ ಶೂಟಿಂಗ್ ಮಾಡುವಾಗ, ನಾನು ನನ್ನ ಫೋಟೋ ಸ್ಟುಡಿಯೋ ಮುಚ್ಚಿ ಇಪ್ಪತ್ತೆರಡು ದಿನ ಥರ್ಮಾಕೋಲ್ ಹಲಗೆ ಹಿಡಿದು ನಾಯಕಿಯ ಮುಖಕ್ಕೆ ಬಿಸಿಲು ತಿರುಗಿಸಿದ್ದೆ.

ಅವ್ವನಿಗೆ ಓದಿ ಹೇಳಿದೆ. ಕ್ಯಾಮೆರಾದವರ ಜೊತೆಗೆ ಫಿಲ್ಮ್ ತೊಳೆದ ಲ್ಯಾಬಿಗೂ ಪ್ರಶಸ್ತಿ ಇದೆ ಎಂದಾಗ, ಆಸ್ಪತ್ರೆಯ ಬಟ್ಟೆ ಒಗೆದು ನನ್ನನ್ನು ಸಾಕಿದ ಅವ್ವ ತಲೆಯೆತ್ತಿದಳು.

"ತೊಳ್ದೋರ್ಗೂ ಕೊಟ್ಟವ್ರಾ? ಒಳ್ಳೇದಾಯ್ತು ಬುಡು. ಬೆಳ್ಕು ಇಡ್ದೋರ್ಗೆ?"

"ಇಲ್ಲ ಕಣವ್ವ."

"ಯಾಕ್ಲಾ?"

ಸಂಜೆ ಎಸ್‌ಟಿಡಿ ಬೂತಿನಿಂದ ರಾಯರಿಗೆ ಫೋನ್ ಮಾಡಿ ಅಭಿನಂದನೆ ಹೇಳಿದೆ. ನನ್ನ ವಿಷಯ ಎತ್ತಲಿಲ್ಲ. ಅವರೇ ಅಂದರು, "ನಿಂಗರಾಜು, ಆ ಚಳೀಲಿ ಸೊಂಟಮಟ್ಟ ನೀರಲ್ಲಿ ನಿಂತಿದ್ರಲ್ಲ, ಎಲ್ಲರೂ ಹೊಗಳ್ತಿರೋದು ಆ ಶಾಟ್‌ನೇ."

ಮನೆಗೆ ಬಂದರೆ ಪಕ್ಕದ ಮನೆ ಜವರಮ್ಮ ಬಾಗಿಲಲ್ಲೇ ಕೇಳಿದರು, "ನಿಂಗೂ ಡೆಲ್ಲೀಲಿ ಪ್ರಶಸ್ತಿ ಬಂದದಂತಲ್ಲಪ್ಪ, ನಿಮ್ಮವ್ವ ಬೀದಿಗೆಲ್ಲಾ ಯೋಳ್ಕ ಬಂದವ್ಳೆ."

ಅವ್ವ ಒಳಗೆ ಪಾಯಸ ಕಾಯಿಸುತ್ತಿದ್ದಳು. ಇಲ್ಲವೆನ್ನಬೇಕಿತ್ತು. ಅನ್ನಲಿಲ್ಲ, ಎರಡು ಲೋಟ ಕುಡಿದೆ.