ನನ್ನ ಕೈ ಮಾತ್ರ ಶುದ್ಧ

ಫೆಬ್ರವರಿ 4, ಮಂಗಳವಾರ
ಆವಿಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರ ಇವತ್ತೂ ಕೈಕೊಟ್ಟಿತು. ಬಾಗಿಲಿನ ರಬ್ಬರು ಸವೆದು ಆವಿ ಸೋರುತ್ತದೆ, ಪ್ರೆಷರ್ ನಿಲ್ಲುವುದಿಲ್ಲ. ಆಪರೇಷನ್ನಿನ ಕತ್ತರಿ, ಇಕ್ಕಳ ಎಲ್ಲ ಬರೀ ಬೆಚ್ಚಗಾಗಿ ಹೊರಬರುತ್ತವೆ. ಅವನ್ನು ಸುತ್ತಿದ ಬಟ್ಟೆಗಂಟಿನ ಮೇಲೆ ಅಂಟಿಸಿದ ಟೇಪಿನ ಗೆರೆ ಕಪ್ಪಾಗಬೇಕು — ಕಪ್ಪಾದರೆ ಕ್ರಿಮಿ ಸತ್ತವು ಅಂತ ಲೆಕ್ಕ. ಆಗಲಿಲ್ಲ. ಡಾಕ್ಟರಿಗೆ ಹೇಳಿದೆ. "ಅಡ್ಜಸ್ಟ್ ಮಾಡ್ಕೊಳ್ಳಿ ಸಿಸ್ಟರ್, ಹೊಸದು ಬರುತ್ತೆ." ಹೋದ ವರ್ಷವೂ ಬರುತ್ತಲೇ ಇತ್ತು.

ಫೆಬ್ರವರಿ 6
ನಮ್ಮ ಹಿರಿಯ ಸಿಸ್ಟರ್ — ದೊಡ್ಡಕ್ಕ ಅನ್ನುತ್ತೇವೆ — ಉಪಾಯ ಕಂಡುಹಿಡಿದಿದ್ದಾರೆ. ಟೇಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತುವುದು. ಗೆರೆ ಕಪ್ಪೋ ಕಪ್ಪು. ಥಿಯೇಟರಿನಲ್ಲಿ ಎಲ್ಲರೂ ನೋಡುವುದು ಗೆರೆಯನ್ನೇ ತಾನೆ.

"ನೀನೂ ಕೈ ಹಾಕೇ."

"ನನ್ ಕೈಲಾಗಲ್ಲ ದೊಡ್ಡಕ್ಕ."

"ಊರಿಗೇ ಒಂದು ದಾರಿ ಆದ್ರೆ ಎಡವಟ್ಟಿಗೇ ಒಂದು ದಾರಿ," ಎಂದು ನಕ್ಕರು.

ಕೆಟ್ಟವರಲ್ಲ. ನನ್ನ ಬಾಣಂತನದಲ್ಲಿ ನನ್ನ ಡ್ಯೂಟಿಯನ್ನೂ ತಾವೇ ಮಾಡಿದವರು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ.

ಫೆಬ್ರವರಿ 7
ನನ್ನನ್ನು ಬಟ್ಟೆ ಮಡಿಸುವ ಕೋಣೆಗೆ ಹಾಕಿದರು. ಗಂಡನಿಗೆ ಎಲ್ಲ ಹೇಳಿದೆ. "ಸದ್ಯ, ನಿನ್ ಕೈಯಿಂದ ಆಗ್ಲಿಲ್ವಲ್ಲ. ಸುಮ್ನಿರು." ನಿಜ ಹೇಳುತ್ತೇನೆ, ಚೆನ್ನಾಗಿ ನಿದ್ದೆ ಬಂತು. ಒಂಚೂರು ಜಂಬವೂ...

ಫೆಬ್ರವರಿ 25
ಬರೆಯಲು ಮನಸ್ಸಾಗಿರಲಿಲ್ಲ. ವಾರ್ಡಿನಲ್ಲಿ ಕಿಟಕಿ ಪಕ್ಕದ ಬೆಡ್ಡಿನ ಅಜ್ಜನ ಆಪರೇಷನ್ ಹೊಲಿಗೆ ಕೀವಾಗಿ ಬಿಚ್ಚಿಕೊಂಡಿದೆ. ಮಗಳು ಕೇಳಿದಳು, "ಯಾಕ್ ಸಿಸ್ಟರ್ ಹೀಗಾಯ್ತು?" ಡಾಕ್ಟರನ್ನು ಕೇಳಮ್ಮ ಅಂದೆ. ಶೀಟು ಬದಲಾಯಿಸಿ ಬಂದೆ.

ಮಾರ್ಚ್ 10
ನಾದಿನಿಗೆ ಗರ್ಭಕೋಶದಲ್ಲಿ ಗಡ್ಡೆ. ಆಪರೇಷನ್ ನಮ್ಮ ಆಸ್ಪತ್ರೆಯಲ್ಲೇ, ಗುರುವಾರ ಡೇಟು. ಸೊಸೆ ಅಲ್ಲೇ ಇದ್ದಾಳಲ್ಲ ಅಂತ ಅತ್ತೆಗೆ ಧೈರ್ಯ. ಊಟ ಬಡಿಸುತ್ತಿದ್ದವಳು ಹೇಳಿಬಿಟ್ಟೆ — ಇಸ್ತ್ರಿ, ಟೇಪು, ಅಜ್ಜನ ಹೊಲಿಗೆ, ಎಲ್ಲ. ಯಾರೂ ತುತ್ತು ಎತ್ತಲಿಲ್ಲ.

"ಇಷ್ಟು ದಿನ ಯಾರಿಗೂ ಹೇಳ್ಲಿಲ್ವಾ ಅತ್ತಿಗೆ?" ನಾದಿನಿ ಕೇಳಿದಳು.

"ಹೇಳಿದ್ರೆ ಕೆಲಸ ಹೋಗ್ತಿತ್ತು," ಎಂದ ನನ್ನ ಗಂಡ.

ಅವಳು ಕೇಳಿದ್ದು ನನ್ನನ್ನು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಮಾರ್ಚ್ 11
ನಾದಿನಿಯ ಆಪರೇಷನ್ ಕ್ಯಾನ್ಸಲ್ ಮಾಡಿಸಿದೆ. ಮನೆಯಲ್ಲಿ ಅನುಕೂಲವಿಲ್ಲ ಅಂದೆ. ಅಷ್ಟೇ. ಥೂ, ನನ್ನ ಜನ್ಮಕ್ಕಿಷ್ಟು. ಹೊರಗಿನವರ ಹೊಟ್ಟೆ ಕೊಯ್ಯುವಾಗ ಕೈ ಕಟ್ಟಿ ಕೂತವಳಿಗೆ ಮನೆಯವಳು ಅಂದ ತಕ್ಷಣ ನಾಲಿಗೆ ಬಂತು. ಹಾಗೆ ಕೈ ಕಟ್ಟಿ ಕೂತಿದ್ದಕ್ಕೆ ನಿಯತ್ತು ಅಂತ ಹೆಸರಿಟ್ಟುಕೊಂಡು ಒಂದು ತಿಂಗಳು ಹಾಯಾಗಿ ಮಲಗಿದ್ದೆ.

ಮಾರ್ಚ್ 13, ಗುರುವಾರ
ಮಡಿಸಿದ ಬಟ್ಟೆ ಕೊಡಲು ಹೋದಾಗ ಥಿಯೇಟರಿನ ಬಾಗಿಲಲ್ಲಿ ಒಬ್ಬ ಹೆಂಗಸು ನನ್ನ ಕೈ ಹಿಡಿದುಕೊಂಡಳು. ಅವಳಿಗೆ ಆಪರೇಷನ್ ಗೌನು ಹಾಕಿದ್ದರು ಆಗಲೇ. ಬಟ್ಟೆ ಹೊಲಿಯುವ ಟೈಲರ್ ಅಂತೆ ಅವಳು.

"ನೀವೇ ಅಲ್ವಾ ಅಕ್ಕ? ನಿಮ್ಮ ನಾದಿನಿ ಬಿಟ್ಟ ಡೇಟು ನಂಗೆ ಸಿಕ್ತು. ಮುಂದಿನ ತಿಂಗಳು ಅಂದಿದ್ರು, ನೋವು ತಡೆಯಕ್ಕಾಗ್ತಿರ್ಲಿಲ್ಲ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

ಹೇಳು, ಈಗಲೇ ಹೇಳು ಅಂದುಕೊಂಡೆ. ಬಾಯಿಯನ್ನೂ ತೆರೆದೆ. ದೊಡ್ಡಕ್ಕ ಟ್ರಾಲಿ ತಳ್ಳಿಕೊಂಡು ಬಂದರು, ಮೇಲೆ ಗಂಟುಗಳು, ಕಪ್ಪು ಗೆರೆ. "ಒಳ್ಳೇದಾಗ್ಲಿ" ಅಂದೆ.

ಮಾರ್ಚ್ 17
ಟೈಲರಿಗೆ ಚಳಿಜ್ವರ. ಹೊಲಿಗೆಯ ಸುತ್ತ ಊತ, ಕೆಂಪು. ಅವಳ ಗಂಡ ನನ್ನನ್ನು ಕಂಡು ಎದ್ದು ನಿಂತ. ಪರಿಚಯದವಳಲ್ಲವೇ ನಾನು. ಯಾಕೆ ಹೀಗಾಯಿತು ಎಂದು ಕೇಳಿದ. "ಒಬ್ಬೊಬ್ರ ಮೈಗೆ ಆಗಿಬರಲ್ಲ" ಅಂದೆ. ಯೋಚಿಸಲೂ ಇಲ್ಲ, ಸಲೀಸಾಗಿ ಬಂತು.

ಅವಳು ಮಲಗಿದ್ದಲ್ಲೇ ತಲೆಯಾಡಿಸಿದಳು. "ಹೌದು ಅಕ್ಕ, ನನ್ನ ಮೈಯೇ ಹಂಗೆ. ನೀವು ಬೇಜಾರು ಮಾಡ್ಕೋಬೇಡಿ."

ನಾನು ಅವಳ ಹಣೆ ಒರೆಸಿ, ಕೈ ತೊಳೆದುಕೊಂಡು ಬಂದೆ.