ಏಳು ಸೆಂಟಿಮೀಟರ್ ಕುಳ್ಳಗಾದ ನನ್ನ ತಮ್ಮ

ಬಂದರಿನ ಸರಕು ಅಂಗಳದ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಮ್ಮ ಒಂದೇ ವರ್ಷದಲ್ಲಿ ಏಳು ಸೆಂಟಿಮೀಟರ್ ಕುಳ್ಳಗಾಗಿದ್ದಾನೆ. ಇದನ್ನು ಹೇಳುತ್ತಿರುವುದು ನಾನಲ್ಲ, ನಿಮ್ಮ ಸಹಿಯಿರುವ ಕಾರ್ಡು. ಕಳೆದ ವರ್ಷ ಅವನ ಎತ್ತರ 170, ಈ ವರ್ಷ 163. ನಿಮ್ಮ ಅಂಗಳದಲ್ಲಿ ಹದಿನೆಂಟು ವರ್ಷದಿಂದ ಕ್ರೇನ್ ನಡೆಸುತ್ತಿರುವ ಅವನಿಗೆ ಈಗ ನಲವತ್ತೈದು. ಆ ವಯಸ್ಸಿಗೆ ಸಂಸಾರಸ್ಥ ತಲೆ ತಗ್ಗಿಸುವುದುಂಟು. ಆದರೆ ಹೀಗೆ ಅಡಿಯಿಂದಲೇ ಸವೆದವರನ್ನು ನಾನು ನೋಡಿಲ್ಲ.

ಎರಡು ವಾರದ ಹಿಂದೆ ನೀವು ಬಿಎಂಐ ಪರೀಕ್ಷೆ ಮಾಡಿಸಿ, ಕೆಂಪು ಶಾಯಿಯ ಪಟ್ಟಿಯನ್ನು ಗೇಟಿನ ಬಳಿಯ ಬೋರ್ಡಿಗೆ ಅಂಟಿಸಿದಿರಿ. ಬಿಎಂಐ ಅಂಕಿ ಮೂವತ್ತು ದಾಟಿದವರು ಹದಿನೈದು ದಿನದಲ್ಲಿ ತೂಕ ಇಳಿಸಿಕೊಳ್ಳದಿದ್ದರೆ ಕ್ರೇನ್ ಹತ್ತುವ ಪರವಾನಗಿ ರದ್ದು. ತಮ್ಮನ ಹೆಸರಿನ ಮುಂದೆ 32. ಮರುಪರೀಕ್ಷೆ ಬರುವ ಸೋಮವಾರ. ಒಂದು ಸಣ್ಣ ಸಂಶಯ: ಮೂವತ್ತು ದಾಟಿದವನು ಏಣಿ ಹತ್ತುವುದು ಅಪಾಯವೆಂದಾದರೆ, ಈ ಹದಿನೈದು ದಿನ ಅವನನ್ನು ಹತ್ತಿಸುತ್ತಿರುವುದು ಯಾವ ಧೈರ್ಯದ ಮೇಲೆ?

ನಾನು ದರ್ಜಿ. ಓದಿದ್ದು ಮೂರನೇ ತರಗತಿ, ಉಳಿದದ್ದನ್ನೆಲ್ಲ ಕತ್ತರಿ ಹಿಡಿದುಕೊಂಡೇ ಕಲಿತೆ. ಪತ್ರ ಬರೆಯುವುದೇನಿದ್ದರೂ ತಂಗಿಯರಿಗೆ, ಅವರ ಮಕ್ಕಳಿಗೆ. ಅಧಿಕಾರಿಗಳಿಗೆ ಬರೆದು ಅಭ್ಯಾಸವಿಲ್ಲ, ಹೆಚ್ಚುಕಮ್ಮಿಯಾದರೆ ಮನೆಯ ಹಿರಿಯಳೊಬ್ಬಳು ಗದರಿದಳು ಎಂದುಕೊಳ್ಳಿ. ನಿಮ್ಮ ಕಾರ್ಡಿನ ಬೆನ್ನಿಗೇ ಲೆಕ್ಕ ಅಚ್ಚಾಗಿದೆ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಭಾಗಿಸಿ, ಬಂದದ್ದನ್ನು ಮತ್ತೆ ಅದೇ ಎತ್ತರದಿಂದ ಭಾಗಿಸಬೇಕು. ಅಂದರೆ ಎತ್ತರದಲ್ಲಿ ತಪ್ಪಿದರೆ ಆ ತಪ್ಪು ಎರಡು ಸಲ ಹೊಡೆಯುತ್ತದೆ. ತಮ್ಮನ 85 ಕಿಲೋಗೆ 163 ಇಟ್ಟರೆ 32. 170 ಇಟ್ಟರೆ ಇಪ್ಪತ್ತೊಂಬತ್ತೂವರೆಯ ಒಳಗೆ. ಬಟ್ಟೆ ಕತ್ತರಿಸುವವಳಿಗೆ ಕಂಡದ್ದು ನಿಮಗೇಕೆ ಕಾಣಲಿಲ್ಲ?

ಕಳೆದ ಬುಧವಾರ ನಿಮ್ಮ ಚಿಕಿತ್ಸಾ ಕೊಠಡಿಗೇ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ಬೆಂಚಿನ ಮೇಲೆ ಕೂತು ಗೋಡೆ ನೋಡಿದೆ. ಹೊಸ ಟೈಲ್ಸ್ ಹಾಕಿಸಿದ್ದೀರಿ, ಚೆನ್ನಾಗಿದೆ. ನೆಲಕ್ಕೆ ತಾಗಿ ಗೋಡೆಯ ಬುಡಕ್ಕೂ ಒಂದು ಸಾಲು ಟೈಲ್ಸ್. ಎತ್ತರ ಅಳೆಯುವ ಕಾಗದದ ಪಟ್ಟಿ ಶುರುವಾಗುವುದು ಆ ಸಾಲಿನ ಮೇಲಿಂದ. ಚೀಲದಿಂದ ನನ್ನ ಟೇಪ್ ತೆಗೆದು ಬಗ್ಗಿದೆ.

"ಅಮ್ಮ, ಅಲ್ಲೇನ್ ಮುಟ್ತಿದ್ದೀರಾ?" ಎಂದಳು ನಿಮ್ಮ ನರ್ಸು.

"ಮುಟ್ತಿಲ್ಲ ಕಣಮ್ಮ, ಅಳೀತಿದ್ದೀನಿ. ಈ ಪಟ್ಟಿ ನೆಲ ಬಿಟ್ಟು ಮೇಲಕ್ಯಾಕೆ ಹೋಗಿದೆ?"

"ಟೈಲ್ಸ್ ಮೇಲೆ ಗೋಂದು ಹಿಡೀತಿರ್ಲಿಲ್ಲ. ಎರಡು ಸಲ ಬಿದ್ದೋಯ್ತು. ಅದಕ್ಕೇ ಸ್ವಲ್ಪ ಮೇಲೆ ಅಂಟಿಸಿದ್ರು."

ಸ್ವಲ್ಪ ಎಂದರೆ ಸರಿಯಾಗಿ ಏಳು ಸೆಂಟಿಮೀಟರ್. ಆ ಹುಡುಗಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ, ನಾನು ಅಂಕಿ ಓದಿ ಬರೆಯೋದಷ್ಟೇ ಅಮ್ಮ," ಎಂದಳು. ಅವಳನ್ನು ಬೈಯಬೇಡಿ. ಕಳೆದ ವರ್ಷ ನಿಮ್ಮ ಕೆಂಪು ಪಟ್ಟಿಯಲ್ಲಿದ್ದದ್ದು ನಾಲ್ಕು ಹೆಸರು, ಈ ವರ್ಷ ಇಪ್ಪತ್ತಮೂರು. ಸಹಿ ಹಾಕುವಾಗ ಪೆನ್ನು ಒಂದು ಕ್ಷಣವೂ ತಡೆಯಲಿಲ್ಲವೇ? ಅಥವಾ ನಿಮ್ಮ ಕ್ಯಾಂಟೀನಿನ ಊಟ ಅಷ್ಟು ರುಚಿಯಾಗಿಬಿಟ್ಟಿದೆಯೇ?

ಮನೆಗೆ ಓಡಿಬಂದು ತಮ್ಮನಿಗೆ ಹೇಳಿದೆ. ಕುಣಿದಾಡುತ್ತಾನೆ ಎಂದುಕೊಂಡಿದ್ದೆ. ಅವನು ಸೌತೆಕಾಯಿಯ ಎರಡು ಹೋಳು ಮುಂದಿಟ್ಟುಕೊಂಡು ಕೂತಿದ್ದ. ಅವನ ಹತ್ತು ದಿನದ ಊಟ ಅದೇ.

"ಗೋಡೆ ತಪ್ಪು ಅಂತ ಯಾರು ಒಪ್ತಾರಕ್ಕಾ? ನಾನೇ ಐದೂವರೆ ಕಿಲೋ ಇಳಿಯೋದು ಸುಲಭ."

"ಲೋ, ನೀನು ಮೊದಲೇ ಮೂವತ್ತರೊಳಗಿದ್ದೀಯ ಕಣೋ!"

"ನಿನ್ನ ಟೇಪಲ್ಲಿ. ಪರವಾನಗಿ ಕೊಡೋದು ಅವರ ಗೋಡೆ."

ಮರುದಿನ, ಗುರುವಾರ, ಅವನು ಬೆಳಗಿನಿಂದ ನೀರನ್ನೂ ಬಿಟ್ಟ. ನೀರೂ ತೂಕವಲ್ಲವೇ! ಕ್ರೇನಿನ ಏಣಿಗೆ ನೂರಮೂವತ್ತು ಮೆಟ್ಟಿಲು. ಎಂಬತ್ತರ ಹತ್ತಿರ ಅವನ ಎರಡೂ ಮೀನಖಂಡ ಹಿಡಿದುಕೊಂಡವು, ಕಣ್ಣು ಕತ್ತಲಿಟ್ಟಿತು. ಮೊಣಕೈಯನ್ನು ಮೆಟ್ಟಿಲೊಳಗೆ ತೂರಿಸಿ ಜೋತುಬಿದ್ದ. ಕೆಳಗೆ ನಿಂತು ಸನ್ನೆ ಮಾಡುವವನನ್ನು ಎಲ್ಲರೂ ಸೀಟಿ ಎನ್ನುತ್ತಾರೆ. ಅವನು ಹತ್ತಿಹೋಗಿ, ಹೆಗಲನ್ನು ತಮ್ಮನ ಕಾಲಿಗೆ ಕೊಟ್ಟು, "ಇಳೀಯಣ್ಣಾ, ಒಂದು. ಬೈಕೊಂಡಾದ್ರೂ ಇಳಿ, ಎರಡು," ಎಂದು ಒಂದೊಂದೇ ಮೆಟ್ಟಿಲು ಇಳಿಸಿ ತಂದ. ಬಾಗಿಲಲ್ಲಿ ಬಿಟ್ಟುಹೋಗುವಾಗ ನನ್ನ ಕಿವಿಯಲ್ಲಿ, "ಅಕ್ಕಾ, ಅಣ್ಣನ ಭಾರ ಕಮ್ಮಿ ಆಗಿಲ್ಲ, ನನ್ನ ಹೆಗಲು ಕೇಳಿ," ಎಂದು ನಕ್ಕ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ನನ್ನ ತಮ್ಮನ ತೂಕ ಹೆಚ್ಚೇ ಇದೆ. ಅವನ ಎತ್ತರಕ್ಕೆ ಎಪ್ಪತ್ತೆರಡು ಕಿಲೋ ದಾಟಬಾರದು ಎಂದು ನಿಮ್ಮ ಕಾರ್ಡೇ ಹೇಳುತ್ತದೆ, ಅದನ್ನು ಒಪ್ಪುತ್ತೇನೆ. ನನ್ನ ಅಳತೆ ಪುಸ್ತಕದಲ್ಲಿ ಏಳು ವರ್ಷದ ಹಿಂದೆ ಅವನ ಸೊಂಟ ಮೂವತ್ತನಾಲ್ಕು ಇಂಚು, ಈಗ ಮೂವತ್ತೊಂಬತ್ತು. ಪ್ರತಿ ಸಲ ಪ್ಯಾಂಟಿನ ಹೊಲಿಗೆ ಬಿಚ್ಚಿ ಅರ್ಧರ್ಧ ಇಂಚು ಸಡಿಲಿಸಿಕೊಟ್ಟವಳು ನಾನೇ. ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ, ಮೆತ್ತಗೆ ಹೊಲಿದುಕೊಟ್ಟೆ. ಅದು ನನ್ನ ತಪ್ಪು, ಹೊತ್ತುಕೊಳ್ಳುತ್ತೇನೆ. ಆದರೆ ಏಳು ವರ್ಷದಲ್ಲಿ ಬಂದದ್ದನ್ನು ಹದಿನೈದು ದಿನದಲ್ಲಿ ಕಿತ್ತುಹಾಕು ಎನ್ನುವುದು ಯಾವ ವೈದ್ಯಶಾಸ್ತ್ರ? ಮೂಟೆ ಹೊರುವವನ ತೋಳಿನ ಮಾಂಸವೂ ಕೂತವನ ಹೊಟ್ಟೆಯ ಕೊಬ್ಬೂ ನಿಮ್ಮ ತಕ್ಕಡಿಗೆ ಒಂದೇ. ವ್ಯತ್ಯಾಸ ಸೊಂಟ ಅಳೆದರೆ ಸ್ವಲ್ಪ ತಿಳಿಯುತ್ತದೆ. ಇಪ್ಪತ್ತಮೂರು ಜನರಲ್ಲಿ ಒಬ್ಬನ ಸೊಂಟವನ್ನಾದರೂ ಅಳೆದಿರಾ? ಅಂಕಿ ಎಚ್ಚರಿಸುವುದಕ್ಕೆ ಇರುವುದು, ಊಟ ಹೇಗಿದೆ, ನಿದ್ದೆ ಹೇಗಿದೆ, ದಿನಕ್ಕೆಷ್ಟು ನಡೆಯುತ್ತೀಯ ಎಂದು ಮಾತು ಶುರುಮಾಡುವುದಕ್ಕೆ. ನೀವು ಅದರಿಂದಲೇ ಮಾತು ಮುಗಿಸಿದಿರಿ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಆ ಪಟ್ಟಿಯನ್ನು ನೆಲಕ್ಕೆ ಇಳಿಸಿ. ಇಪ್ಪತ್ತಮೂರು ಜನರನ್ನೂ ಮತ್ತೆ ಅಳೆಯಿರಿ, ಬಾಗಿಲು ಹಾಕಿಕೊಂಡು ಅಳೆಯಿರಿ. ನಿಜವಾಗಿ ಹೆಚ್ಚಿರುವವರಿಗೆ ತಿಂಗಳುಗಳ ಕಾಲಾವಕಾಶ ಕೊಡಿ, ಕೂತು ಮಾತಾಡುವ ವೈದ್ಯರನ್ನು ಕೊಡಿ. ಇದೆಲ್ಲ ನಿಧಾನಕ್ಕಾಗಲಿ. ಒಂದು ಕೆಲಸ ಮಾತ್ರ ಇವತ್ತೇ ಆಗಬೇಕು. ಹೆಸರುಗಳನ್ನು ಅಂಟಿಸಿದ ಅದೇ ಬೋರ್ಡಿನಲ್ಲಿ, ಅದೇ ಕೆಂಪು ಶಾಯಿಯಲ್ಲಿ, 'ನಮ್ಮ ಅಳತೆ ತಪ್ಪಿದೆ' ಎಂದು ಒಂದು ಸಾಲು ಬರೆದು ಸಹಿ ಹಾಕಿ.

ಇವತ್ತು ಶನಿವಾರ. ತಮ್ಮ ಒಳಕೋಣೆಯಲ್ಲಿ ಮಲಗಿದ್ದಾನೆ, ತುಟಿ ಒಡೆದಿದೆ. ಮಂಚದ ಪಕ್ಕ ನೀರಿನ ಲೋಟ ಇಟ್ಟಿದ್ದೇನೆ. "ಸೋಮವಾರ ಆಗ್ಲಿ ಅಕ್ಕಾ," ಎನ್ನುತ್ತಾನೆ. ನಾನು ಹೇಳಿದರೆ ಕುಡಿಯುವುದಿಲ್ಲ, ನೀವು ಬರೆದರೆ ಕುಡಿಯುತ್ತಾನೆ. ಆ ಸಾಲು ಕಂಡೊಡನೆ ಓಡಿಬರಲು ಸೀಟಿ ಗೇಟಿನ ಬಳಿ ಬೋರ್ಡು ನೋಡುತ್ತಾ ನಿಂತಿದ್ದಾನೆ.

ಇಂತಿ,
ನಿಮ್ಮ ಗೋಡೆಗೆ ಒರಗಿ ನಿಂತರೆ ತಾನೂ ಏಳು ಸೆಂಟಿಮೀಟರ್ ಕುಳ್ಳಗಾಗುವ,
ಕ್ರೇನಿನವನ ಅಕ್ಕ