ಎಂಜಿನ್ ನಿನಗೆ, ಹತ್ಯಾರ ನನಗೆ

ಉಗಾರ ಖುರ್ದ
ಬುಧವಾರ, 11 ಫೆಬ್ರುವರಿ 2026

ಪೂನಮ ಅಕ್ಕನಿಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಆದರೂ ಮೊದಲು ಆರೋಗ್ಯ ವಿಚಾರಿಸುವುದು ನಮ್ಮ ಮನೆಯ ರೀತಿ, ಅದಕ್ಕೆ ಕೇಳುತ್ತೇನೆ. ನಿನ್ನ ಬೆನ್ನುನೋವು ಹೇಗಿದೆ? ನಿನ್ನ ಮಗಳು ಉಜ್ವಲಾಳ ಕೆಮ್ಮು ಇಳಿಯಿತೇ? ನಿನ್ನ ಗಂಡನ ಆರೋಗ್ಯ ಕೇಳುವುದಿಲ್ಲ. ಜಯಪಾಲ ದಾಜಿಯ ದನಿ ಒಮ್ಮೆ ಕೇಳಿದವರು ಅವರಿಗೆ ಜಡ್ಡು ಇದೆ ಎಂದು ಸಾಯುವತನಕ ನಂಬಲಾರರು. ನನ್ನ ಅಂಗೈಯ ಸುಟ್ಟ ಗಾಯ ಮಾಯುತ್ತಿದೆ. ನೀನು ಕೇಳಲಿಲ್ಲ, ಆದರೂ ತಿಳಿಸಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನನ್ನ ನಂಬರ್ ಬ್ಲಾಕ್ ಮಾಡಿ ಕುಳಿತಿದ್ದೀ. ಹಾಗಾಗಿ ಕಾಗದ.

ನಿನ್ನ ಡ್ರೈವರ್ ತುಕಾರಾಮ ಬೆಳಿಗ್ಗೆಯಿಂದ ನಮ್ಮ ಪಡಸಾಲೆಯಲ್ಲಿ ಕುಳಿತಿದ್ದಾನೆ. “ಅಕ್ಕಾರು ಹತ್ಯಾರದ ಪೆಟಗಿ ತಗೊಂಡ ಬಾ ಅಂದಾರ್ರಿ, ಇಲ್ಲಂದ್ರ ಬರಬ್ಯಾಡ ಅಂದಾರ” ಎನ್ನುತ್ತಾನೆ. ಪಾಪ, ಅವನದೇನು ತಪ್ಪು. ರೊಟ್ಟಿ, ಝುಣಕ ಹಾಕಿದ್ದೇನೆ. ಅಪ್ಪನ ಉಪಕರಣಗಳ ಪೆಟ್ಟಿಗೆ ಮಾತ್ರ ಕೊಡುವುದಿಲ್ಲ. ನೇಮಿನಾಥ ಕಾಕಾ ಪಾಲು ಮಾಡಿದ ದಿನ ನೀನು ಎಷ್ಟು ಖುಷಿಯಲ್ಲಿದ್ದೆ, ನೆನಪಿದೆಯೇ? ಅಪ್ಪ ತೀರಿ ವರ್ಷಾಂತ ಆಗಿರಲಿಲ್ಲ. “ಎಂಜಿನ್ ಹಿರ್ಯಾಕಿಗಿ, ಹತ್ಯಾರ ಸಣ್ಣಾಕಿಗಿ, ಮುಗೀತು” ಎಂದು ಕಾಕಾ ಎದ್ದರು. ಎತ್ತು ಒಬ್ಬರಿಗೆ, ನೊಗ ಇನ್ನೊಬ್ಬರಿಗೆ ಕೊಟ್ಟ ಹಾಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಟೆಂಪೋ ಹಿತ್ತಲಿಗೆ ಬಂದು ನಿಂತಿತ್ತು.

ಅಪ್ಪ ಜೀವಮಾನವೆಲ್ಲ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮುಂದೆ ನಿಂತು, ನಿವೃತ್ತಿಯ ಮೇಲೆ ಹಿತ್ತಲಿನ ಶೆಡ್ಡಿನಲ್ಲಿ ಆ ಮೊಣಕಾಲೆತ್ತರದ ರೈಲು ಎಂಜಿನ್ ಕಟ್ಟಿದರು. ತಾಮ್ರದ ಬಾಯ್ಲರ್, ಒಳಗೆ ನಿಜವಾದ ಕಲ್ಲಿದ್ದಲ ಬೆಂಕಿ, ನಿಜವಾದ ಉಗಿ. ಡಬ್ಬಿಗಳಲ್ಲಿ ಆರು ಮಂದಿಯನ್ನು ಕೂರಿಸಿ ಎಳೆಯುತ್ತಿತ್ತು. ಅದರ ನಟ್ಟು ತಿರುಗಿಸಲು ಪೇಟೆಯ ಪಾನಾ ಹತ್ತುವುದಿಲ್ಲವೆಂದು ಅಪ್ಪ ತಾವೇ ಕಾನಸು ಹಿಡಿದು ಕಬ್ಬಿಣ ಉಜ್ಜಿ ತೆಳ್ಳಗಿನ ಪಾನಾಗಳನ್ನು ಮಾಡಿಕೊಂಡರು. ಅಂಥ ಪಾನಾಗಳು, ಹೊಗೆಕೊಳವೆ ಉಜ್ಜುವ ಬ್ರಷ್ಷು, ಎಣ್ಣೆಯ ಕಿಂಡಿ ಬಿಡಿಸುವ ಸೂಜಿ, ಬಾಯ್ಲರ್ ಪರೀಕ್ಷೆಯ ಕೈಪಂಪು, ಇವಿಷ್ಟು ಆ ಪೆಟ್ಟಿಗೆಯಲ್ಲಿರುವುದು. ನೀನು ಒಂದನ್ನಾದರೂ ಮುಟ್ಟಿದವಳಲ್ಲ. ಮಸಿ ಹತ್ತುತ್ತದೆ ಎಂದು ಶೆಡ್ಡಿನ ಹೊಸ್ತಿಲಾಚೆಯೇ ನಿಂತು ಊಟಕ್ಕೆ ಕರೆಯುತ್ತಿದ್ದೆ. ಓಡಿಸಿದ್ದಕ್ಕಿಂತ ಹೆಚ್ಚು ಹೊತ್ತು ಅಪ್ಪ ಅದನ್ನು ಒರೆಸುವುದರಲ್ಲಿ ಕಳೆಯುತ್ತಿದ್ದರು. ಬಿಸಿ ಇರುವಾಗಲೇ ನೀರು ಹೊರಬಿಟ್ಟು, ಮಸಿ ತೆಗೆದು, ಒಂದೊಂದು ಕೀಲಿಗೂ ಎಣ್ಣೆ ಕುಡಿಸದೆ ಅವರು ಚಹಾ ಕುಡಿದವರಲ್ಲ. ಬಾಯ್ಲರಿಗೆ ಮಳೆನೀರನ್ನಲ್ಲದೆ ಬೇರೆ ಹಾಕುತ್ತಿರಲಿಲ್ಲ. “ಬೋರಿನ ನೀರ ಕುಡಿಸಿದ್ರ ಹೊಟ್ಟ್ಯಾಗ ಕಲ್ಲ ಕಟ್ಟತೈತಿ, ಮನಶ್ಯಾಗೂ ಅಷ್ಟ, ಎಂಜಿನ್ನಿಗೂ ಅಷ್ಟ” ಎನ್ನುತ್ತಿದ್ದರು. ನೀವು ನಿಪ್ಪಾಣಿಗೆ ಒಯ್ದ ದಿನದಿಂದ ಅದಕ್ಕೆ ಬೋರಿನ ನೀರನ್ನೇ ಕುಡಿಸಿದ್ದೀರಿ.

ಇನ್ನು ಹೋದ ತಿಂಗಳು ನಿಮ್ಮ ಮಂಗಲ ಕಾರ್ಯಾಲಯದಲ್ಲಿ ನಡೆದ ಕಾಕಾನ ಮೊಮ್ಮಗಳ ಲಗ್ನದ ಮಾತು. ಎಲ್ಲರೂ ನಿನ್ನ ಬಾಯಿಂದ ಕೇಳಿದ್ದಾರೆ, ನೀನು ನನ್ನ ಬಾಯಿಂದ ಕೇಳು. ನಾನು ಗೇಟು ದಾಟುತ್ತಲೇ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅಂಗಳದ ಸುತ್ತ ಹಾಸಿದ ಪುಟ್ಟ ಹಳಿಯ ಮೇಲೆ ಎಂಜಿನ್ ಓಡುತ್ತಿತ್ತು. ದಾಜಿ ತಲೆಗೆ ಫೇಟಾ ಸುತ್ತಿಕೊಂಡು ಅದರ ಹಿಂದೆ ಕುಳಿತಿದ್ದರು, ಅವರ ಬೆನ್ನಿಗೆ ಉಜ್ವಲಾ, ಅವಳ ಹಿಂದೆ ಬೀಗರ ಮಕ್ಕಳು. ಚಕ್ರದ ಸರಳುಗಳು ಎಣ್ಣೆ ಕಾಣದೆ ಕಿರ್ರೋ ಎನ್ನುತ್ತಿದ್ದವು. ಒತ್ತಡ ಹೆಚ್ಚಾದರೆ ತಾನೇ ಬಾಯಿ ತೆರೆದು ಉಗಿ ಬಿಡಬೇಕಾದ ಹಿತ್ತಾಳೆಯ ಸೇಫ್ಟಿ ವಾಲ್ವಿನ ಮೇಲೆ ಇಕ್ಕಳದ ಹಲ್ಲಿನ ಗುರುತು. ಸುತ್ತು ಮುಗಿಸಿ ನಿಂತಾಗ ಇದೇನೆಂದು ಕೇಳಿದೆ. ದಾಜಿ ನಕ್ಕರು. “ಅದು ಸುಂಯ್ ಅಂತ ಒದರಿ ಬೀಗ್ರ ಹೆಣಮಕ್ಕಳ ಸೀರಿ ತೋಯಿಸಾಕತ್ತಿತ್ತು. ಪಕ್ಕಡ ಹಾಕಿ ಬಾಯಿ ಬಿಗದೇನಿ ನೋಡ.” ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ನೋಡಿದೆ. ಅದರಲ್ಲಿ ಒಂದು ಹನಿಯೂ ಇರಲಿಲ್ಲ. ಕೆಳಗೆ ಬೆಂಕಿ ನಿಗಿನಿಗಿ ಉರಿಯುತ್ತಿದೆ, ಮೇಲೆ ನೀರಿಲ್ಲ, ಉಗಿಗೆ ಹೊರಬರುವ ದಾರಿಯೂ ಇಲ್ಲ. ಮಕ್ಕಳನ್ನು ಇಳಿಸಿರಿ ಎಂದು ಕೂಗಿದೆ. ದಾಜಿ ಇನ್ನೊಂದು ಸುತ್ತು ಹೊಡೆಯಲು ಎಂಜಿನ್ನಿನ ಹಿಡಿಕೆಗೆ ಕೈ ಹಾಕಿದರು.

ಆಗ ನಾನು ಬಗ್ಗಿ ಬೆಂಕಿಗೂಡಿನ ತಳದ ಪಿನ್ನು ಎಳೆದು, ಬೆಂಕಿ ಹೊತ್ತ ಜಾಲರಿಯನ್ನೇ ಕೆಳಗೆ ಕೆಡವಿದೆ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು, ಕೈಯಿಂದಲೇ ಜಗ್ಗಿದೆ. ಕೆಂಡಗಳು ಉರುಳಿ ಮದುಮಗನಿಗೆ ಹಾಸಿದ್ದ ಕೆಂಪು ಜಮಖಾನೆಗೆ ಹತ್ತಿಕೊಂಡವು, ಯಾರೋ ಮಜ್ಜಿಗೆಯ ಪಾತ್ರೆಯನ್ನೇ ತಂದು ಸುರುವಿದರು. ನೀನು ಓಡಿ ಬಂದೆ. ಏನಾಯಿತೆಂದು ಕೇಳಲಿಲ್ಲ. “ಅಪ್ಪನ ಎಂಜಿನ್ ತನಗ ಸಿಗಲಿಲ್ಲಂತ ಹೊಟ್ಟಿಕಿಚ್ಚ ಇಕಿಗಿ! ಮಂದಿ ಮುಂದ ನನ್ನ ಮರ್ಯಾದಿ ಸುಟ್ಲು. ನಡಿ ಹೊರಗ!” ಎಂದೆ. ನಾನು ಕೈಯನ್ನು ಬಕೀಟಿನ ನೀರಿನಲ್ಲಿ ಅದ್ದಿಕೊಂಡು ನಿಂತಿದ್ದೆ. ಕಾಕಾ ಊಟದ ಪಂಗತಿಯ ಕಡೆಗೆ ಮುಖ ತಿರುಗಿಸಿದರು. ಉಣ್ಣದೆ ಬಸ್ಸು ಹತ್ತಿದೆ.

ಹೊಟ್ಟೆಕಿಚ್ಚು ಇತ್ತು ಅಕ್ಕಾ. ಈಗಲೂ ಇದೆ, ಯಾರ ಮುಂದೆಯೂ ಅಲ್ಲಗಳೆಯುವುದಿಲ್ಲ. ಆದರೆ ಬಾಯ್ಲರಿನ ನೀರನ್ನು ನನ್ನ ಹೊಟ್ಟೆಕಿಚ್ಚು ಕುಡಿಯಲಿಲ್ಲ. ವಾಲ್ವಿನ ಬಾಯಿಯನ್ನು ನನ್ನ ಹೊಟ್ಟೆಕಿಚ್ಚು ಬಿಗಿಯಲಿಲ್ಲ. ನೀನು ಮಾತ್ರ ಊರೂರಿಗೆ ಡಂಗುರ ಸಾರಿದೆ. ಶಿರಗುಪ್ಪಿಯ ಭೀಮಾಬಾಯಿ ಅತ್ತಿ ಫೋನ್ ಮಾಡಿ, “ಏನವಾ ಶೈಲಾ, ಲಗ್ನದಾಗ ಬೆಂಕಿ ಹಚ್ಚಿದಿ ಅಂತಲ್ಲ?” ಎಂದು ಕೇಳಿದಳು. ಈಗ ಸುಟ್ಟ ಜಮಖಾನೆಗೆ ಬದಲು ಹತ್ಯಾರ ಬೇಕಂತೆ. ಅಪ್ಪ ಉಜ್ಜಿ ಉಜ್ಜಿ ಮಾಡಿದ ಪಾನಾದಿಂದ ದಾಜಿ ನಾಳೆ ಹಂದರಕ್ಕೆ ಮೊಳೆ ಹೊಡೆಯುತ್ತಾರೆ. ಅದನ್ನು ನಾನು ಬದುಕಿರುವಾಗ ನೋಡಲಾರೆ. ಜಮಖಾನೆಯನ್ನು ಮತ್ತೆ ಹೊಲಿಸು, ನನ್ನ ಹೆಸರನ್ನು ಮತ್ತೆ ಹೊಲಿಯುವವರು ಯಾರು ಎಂದು ಯೋಚಿಸು.

ನಿನ್ನ ಅತ್ತೆಗೆ ಜೈ ಜಿನೇಂದ್ರ ತಿಳಿಸು, ಅವರು ನನಗೆ ಯಾವತ್ತೂ ಕೆಟ್ಟದ್ದು ಮಾಡಿಲ್ಲ. ಉಜ್ವಲಾಗೆ ಮುತ್ತು. ನಿನಗೂ ದಾಜಿಗೂ ಬರೆಯಲು ಏನೂ ಉಳಿದಿಲ್ಲ.

ಬೇಡವೆಂದರೂ ನಿನ್ನ ತಂಗಿ,
ಶೈಲಾ

ತಾ.ಕ.: ಕಾಗದ ಮಡಚುವಾಗ ತುಕಾರಾಮ ಚಹಾ ಕುಡಿಯುತ್ತ ಅಂದ, “ಶನಿವಾರ ಮತ್ತೊಂದ ಲಗ್ನ ಐತ್ರಿ. ಹತ್ಯಾರ ಬರ್ಲಿ ಬಿಡ್ಲಿ, ಎಂಜಿನ್ ಓಡಸಾಂವನ ಅಂದಾರ ಸಾಹೇಬ್ರು.” ಜಮಖಾನೆ ಸುಟ್ಟ ಮೇಲೆ ನೀವು ಎಂಜಿನ್ ಮುಟ್ಟಲಾರಿರಿ ಎಂದುಕೊಂಡಿದ್ದೆ. ಕೇಳು. ಅಂದು ಬೆಂಕಿ ಕೆಡವಿದ ಮೇಲೂ ಬೆಂಕಿಗೂಡಿನ ಒಳಗಿಂದ ಸಣ್ಣಗೆ ಉಗಿ ಸೋರುವ ಸದ್ದು ಬರುತ್ತಿತ್ತು. ನೀರಿಲ್ಲದೆ ಕಾದು ಒಳಗಿನ ತಾಮ್ರದ ಬೆಸುಗೆ ಬಿಟ್ಟಿದೆ. ಇನ್ನೊಮ್ಮೆ ಬೆಂಕಿ ಹಾಕಿದರೆ ಅದು ಹರಿಯಬಹುದು, ಹರಿದರೆ ಕುದಿಯುವ ಉಗಿಯೆಲ್ಲ ಬೆಂಕಿಗೂಡಿನ ಬಾಗಿಲಿನಿಂದ ನೇರ ದಾಜಿಯ ಮುಖಕ್ಕೆ, ಉಜ್ವಲಾಳ ಮುಖಕ್ಕೆ. ತಣ್ಣೀರು ತುಂಬಿ ಕೈಪಂಪಿನಿಂದ ಪರೀಕ್ಷೆ ಮಾಡದೆ ಅದರೊಳಗೆ ಒಂದು ಕೆಂಡವೂ ಬೀಳಕೂಡದು. ಬರೆದರೆ ನೀನು ನಂಬುವವಳಲ್ಲ. ಅದಕ್ಕೆ ತುಕಾರಾಮನ ಗಾಡಿಯಲ್ಲಿ ನಾನೇ ಬರುತ್ತಿದ್ದೇನೆ. ಅವನು ಈ ಕಾಗದ ನಿನ್ನ ಕೈಗೆ ಕೊಡುವ ಹೊತ್ತಿಗೆ ನಾನು ನೀವು ಎಂಜಿನ್ ಇಟ್ಟಿರುವ ಹಿಂದುಗಡೆಯ ಶೆಡ್ಡಿನ ಹತ್ತಿರ ಇರುತ್ತೇನೆ. ಮಾತಾಡಿಸಲು ಬರಬೇಡ. ಬೀಗ ಹಾಕಿದ್ದರೆ ಕೀಲಿ ಕಳಿಸು. ಕಳಿಸದಿದ್ದರೂ ನಡೆಯುತ್ತದೆ, ಹತ್ಯಾರ ನನ್ನ ಹತ್ತಿರ ಇವೆ.